ಹದಿನೇಳು ಕಪ್ಪು ಚಾ

ಗುರುವಾರ ರಾತ್ರಿ ಎಂಟೂವರಿಗೆ
ಹಳೇ ಬಸ್ ಸ್ಟ್ಯಾಂಡಿನ ಹಿಂದ, ಬಾಗಿಲು ಹಾಕಿದ ಗಡಿಯಾರದಂಗಡಿ ಕಟ್ಟಿಗೆ
ಎರಡು ಥರ್ಮಾಸು ಹೊತ್ತು ಬರತಾಳ ಎಸ್ತೇರಬಾಯಿ.
ಮಿಶನ್ ಸಾಲಿಯ ರಿಟಾಯರ್ಡ್ ಟೀಚರು.
ಮೊಣಕಾಲು ಕೈಕೊಟ್ಟಾವ,
ಮೆಟ್ಟಲಿಗೊಮ್ಮೆ ‘ಕರ್ತನೇ’ ಅಂತಾಳ.
ನಾವು ನಗತೀವಿ.

ಮೊದಲ ವಾರ ನಾ ಕೇಳಿದ್ದೆ:
ಚಾ ಮೊದಲೋ, ನಿಮ್ಮ ದೇವರ ಮಾತು ಮೊದಲೋ?
‘ಚಾ ಆರತದ,’ ಅಂದ್ಲು, ‘ದೇವರು ಆರೂದಿಲ್ಲ.’
ಎರಡು ವರ್ಷಾತು.
ಆ ಮಾತು ಇನ್ನೂ ಆಕಿ ಚೀಲದಾಗ ಐತಿ.

ಸಕ್ಕರಿ ಮಾತ್ರ ಭಾಳ ಕಡಿಮಿ.
ಪಿಂಚಣಿಯ ಸಕ್ಕರಿ, ಲೆಕ್ಕದ ಸಕ್ಕರಿ.

ಆಕಿ ಹಂತೇಕ ಒಂದು ನೀಲಿ ನೋಟ್‌ಬುಕ್ಕು.
ಹೆಸರು? ಅಂತಾಳ.
ನಾ ಒಂದು ವಾರ ರೇಶ್ಮಾ, ಇನ್ನೊಂದು ವಾರ ಪಲ್ಲವಿ,
ಮಳಿ ಹೊಡದು ಗಿರಾಕಿ ಸುಳಿಯದ ರಾತ್ರಿ ಮಹಾರಾಣಿ.
ತಲಿ ಎತ್ತದ ಎಲ್ಲಾ ಬರಕೊಂತಾಳ.
ಮೂವತ್ತು ವರ್ಷ ಹಾಜರಿ ಕೂಗಿದಾಕಿಗೆ
ಸುಳ್ಳು ಗೊತ್ತಾಗೂದಿಲ್ಲೇನು?
‘ಮಹಾರಾಣಿಗೆ ಬಿಸ್ಕೀಟು ಎಷ್ಟು?’
ಅಷ್ಟ ಕೇಳತಾಳ.

ಸೋಮವಾರ ನಾ ಆರೂಢರ ಮಠಕ್ಕ ಹೋಗತೀನಿ.
ಅಲ್ಲಿ ಪಂಕ್ತಿಯೊಳಗ ಅನ್ನ ನೀಡಾಂವ
ಮಾರಿ ನೋಡೂದಿಲ್ಲ, ತಾಟು ನೋಡತಾನ.
ಅದೂ ಬೇಕು ನನಗ, ಮಾರಿ ನೋಡದ ದೇವರು.
ಎಸ್ತೇರಬಾಯಿಗೆ ಹೇಳಿದೆ, ಸಿಟ್ಟಾಗಲಿ ಅಂತನ.
‘ಸಾರು ಹ್ಯಾಂಗಿರತದ?’ ಅಂದ್ಲು.

ಫಕೀರವ್ವನ ಮಗಳನ್ನ ಹಾಸ್ಟೆಲಿಗೆ ಸೇರಿಸಿದಾಕಿ ಈಕಿನ.
ಆ ಹುಡುಗಿ ಈಗ ಇಂಗ್ಲಿಷಿನ್ಯಾಗ ಪ್ರಾರ್ಥನಾ ಮಾಡತೈತಿ,
ಗೆಳತ್ಯಾರ ಮುಂದ ಅವ್ವಗ ‘ಆಂಟಿ’ ಅಂತೈತಿ.
ಇದಕ್ಕ ಯಾರ ಮ್ಯಾಲ ಸಿಟ್ಟಾಗಬೇಕು,
ಫಕೀರವ್ವಗೂ ತಿಳಿದಿಲ್ಲ. ಚಾ ಕುಡೀತಾಳ.

ಒಮ್ಮೆ ಕಮಿಟಿಯಾಂವ ಕೂಡಿ ಬಂದಿದ್ದ,
ಇಸ್ತ್ರಿ ಅಂಗಿ, ಕೈಯಾಗ ಮೊಬೈಲು.
ಒಂದ ಫೋಟೋ ಅಕ್ಕಾರ, ವರದಿಗೆ ಬೇಕು,
ಮಾರಿ ಮಸುಕು ಮಾಡತೀವಿ.
ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಬದಲಾದರು?
ಎಸ್ತೇರಬಾಯಿ ಥರ್ಮಾಸಿನ ಮುಚ್ಚಳ ತಿರುವಿದ್ಲು:
‘ಬರಕೋಪಾ. ಹದಿನೇಳು ಕಪ್ಪು ಚಾ.’
‘ಅದಲ್ಲ ಟೀಚರ್...’
‘ನೀ ಮೂರನೇತ್ತ ಇದ್ದಾಗ
ನಿನಗ ಮಗ್ಗಿ ಕಲಿಸಿದಾಕಿ ನಾ. ಹದಿನೇಳು.’

ಆಮ್ಯಾಲ ಮೂರು ಗುರುವಾರ ಕಟ್ಟಿ ಖಾಲಿ.
ನಾಲ್ಕನೇದಕ್ಕ ಸುದ್ದಿ ಬಂತು:
ಕಿಮ್ಸಿನ್ಯಾಗ ಅದಾಳ, ಎದಿ ಬ್ಯಾನಿ.
ನಾ ಚಾ ಕಾಸಿದೆ. ಸಕ್ಕರಿ ನನ್ನ ಕೈಲೆ.
ಚಿಗರಿ ಬಸ್ಸಿನ ಗಾಜಿನ ಬಾಗಿಲದಾಗ
ಹಗಲಿನ ನನ್ನ ಮಾರಿ ಕಂಡು
ಯಾರೋ ಅಂತ ಸರಿದು ನಿಂತೆ.

ವಾರ್ಡಿನ ಬಾಗಲದಾಗ ಕಾವಲಿನಾಂವ,
ಅವನ ಮುಂದೂ ಒಂದು ಪುಸ್ತಕ.
ಹೆಸರು?
ಬಾಯಿತನಕ ಪಲ್ಲವಿ ಬಂದಿತ್ತು.
ಪೆನ್ನು ಬರೀತು: ಗುತ್ತೆವ್ವ ನಿಂಗಪ್ಪ ಕೆರಿಮನಿ, ಸವಣೂರು.
ಸೊಟ್ಟ ಅಕ್ಷರ. ಹನ್ನೊಂದು ವರ್ಷದಾಗ ಮೊದಲನೇ ಸರ್ತಿ.

ರೋಗಿಗೆ ಸಂಬಂಧ?
ನನಕಿಂತ ಮೊದಲು ಬಂದವರು
ಮಗ, ಸೊಸಿ, ಅಳಿಯ ಅಂತ ಬರದಿದ್ದರು,
ಒಬ್ಬರು ‘ಸಭೆ’ ಅಂತ.
ಹಿಂದಿನ ಸಾಲು ಗೊಣಗಿತು.
‘ಗುರುವಾರ’ ಅಂತ ಬರದೆ.
ಅಂವ ಓದಿದ, ಕನ್ನಡಕ ಏರಿಸಿ ಮತ್ತ ಓದಿದ.
‘ಹತ್ತ ನಿಮಿಷ. ಲಗೂ ಬರ್ರಿ.’

ಸೊರಗಿದ್ದಳು. ಮೂಗಿನ್ಯಾಗ ನಳಗಿ.
ದಿಂಬಿನ ಕೆಳಗ ನೀಲಿ ನೋಟ್‌ಬುಕ್ಕಿನ ಮೂಲಿ ಕಾಣತಿತ್ತು.
ಎರಡು ಗುಟುಕು ಕುಡದು ಮಾರಿ ಕಿವಿಚಿದ್ಲು:
‘ಎಷ್ಟ ಸಕ್ಕರಿ ಹಾಕೀಯ, ಮಹಾರಾಣಿ?’

ಹೆಸರು ಹೇಳಬೇಕಂತ ಹೋಗಿದ್ದೆ.
ಹತ್ತು ನಿಮಿಷ ಆಗಿಬಿಟ್ಟಿತು.
ಮುಚ್ಚಳ ತೊಳಕೊಂಡು ಬಂದೆ.